ಲೆಂಪಿ ಎರಚಿದ ಜಲ್ಲಿ

ಅದು ಶುರುವಾದದ್ದು ಸಾವಿರದ ಒಂಬೈನೂರ ಐವತ್ತೆರಡರ ಡಿಸೆಂಬರಿನಲ್ಲಿ, ಬೆಳಗಿನ ಐದು ಗಂಟೆಗೆ. ಆ ತಿಂಗಳು ಭೂಮಿಯ ಬಡಗಣ ತುದಿಯ ತಂಪೆರೆ ಊರಿನಲ್ಲಿ ಸೂರ್ಯ ಮುಖ ತೋರಿಸಬೇಕಾದರೆ ಒಂಬತ್ತೂವರೆ ಆಗಬೇಕು. ಆ ಊರಿನ ಕೊಯ್ವುಲ ಬಡಾವಣೆಯ ಮೂರು ಮರದ ವಠಾರಗಳ ನಡುವೆ ಒಂದು ಆಲೂಗಡ್ಡೆ ಪಾತಿ ಇತ್ತು. ಯುದ್ಧದ ಕಾಲದಲ್ಲಿ ಎಲ್ಲರ ಹೊಟ್ಟೆ ಹೊರೆದ ಪಾತಿ ಅದು. ಲೆಂಪಿ ಬಟ್ಟೆ ಒಗೆಯುವ ಮನೆಯ ಹಂಡೆಗೆ ಉರಿ ಹಾಕಲೆಂದು ಅಂಗಳಕ್ಕೆ ಇಳಿದಾಗ, ಆ ಪಾತಿಯ ಮೇಲೆ ಅವಳ ಗಂಡ ವಿಲ್ಯೊ ರಬ್ಬರು ಪೈಪು ಹಿಡಿದುಕೊಂಡು ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದ.

"ಏನಯ್ಯಾ, ಈ ಚಳೀಲಿ ಆಲೂಗಡ್ಡೆಗೆ ನೀರು ಬಿಡ್ತಿದ್ದೀಯಾ?" ಅಂದಳು.

"ಹೂಂ. ಬೇಸಿಗೆಗೆ ಉಪ್ಪು ಸಮೇತ ಬೆಂದು ಬರ್ಲಿ ಅಂತ," ಅಂದ ವಿಲ್ಯೊ. ತಲೆ ಎತ್ತಲಿಲ್ಲ. ಪೈಪು ಹಿಡಿದವನು ನಿಲ್ಲಬಾರದು. ನಿಂತ ಕಡೆ ನೀರು ಗುಡ್ಡೆಯಾಗುತ್ತದೆ.

ವಿಲ್ಯೊ ಆ ಮೂರು ವಠಾರಗಳ ನಿಗಾ ನೋಡುವವನು. ಸೌದೆ, ಛಾವಣಿಯ ಹಿಮ, ಕೆಟ್ಟ ಬೀಗ ಎಲ್ಲವೂ ಅವನದೇ. ಚಳಿಗಾಲದಲ್ಲಿ ಮುಖ್ಯವಾದ ಕೆಲಸ ಇನ್ನೊಂದು. ದಾರಿಯಲ್ಲಿ ನೀರು ಗಡ್ಡೆಗಟ್ಟಿದ ಕಡೆಗೆಲ್ಲ ಜನ ಏಳುವ ಮೊದಲು ಸಣ್ಣ ಜಲ್ಲಿ ಎರಚಬೇಕು. ಯಾರಾದರೂ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಅವನ ತಲೆಗೇ ಬರುತ್ತದೆ. ಹೀಗೆ ಒಂದೇ ಬೆಳಗಿನಲ್ಲಿ ಒಂದು ಕಡೆ ಜನ ಜಾರದಂತೆ ಮಾಡುವುದು, ಇನ್ನೊಂದು ಕಡೆ ಮಕ್ಕಳು ಸ್ಕೇಟು ಕಟ್ಟಿ ಜಾರುವುದಕ್ಕೆಂದೇ ಪಾತಿಯ ಮೇಲೆ ಮಂಜುಗಡ್ಡೆಯ ಅಂಗಳ ಕಟ್ಟುವುದು, ಎರಡೂ ಒಬ್ಬನ ಕೈಗೆ ಬಂದವು.

ಗಡ್ಡೆ ಕಟ್ಟುವುದೆಂದರೆ ಸುಮ್ಮನೆ ನೀರು ಹುಯ್ಯುವುದಲ್ಲ. ಮೊದಲ ದೊಡ್ಡ ಹಿಮ ಬಿದ್ದ ಭಾನುವಾರ ವಠಾರದ ಹೆಂಗಸರು, ಗಂಡಸರು, ಮಕ್ಕಳು ಉಣ್ಣೆ ಬೂಟು ಹಾಕಿಕೊಂಡು, ತೋಳಿಗೆ ತೋಳು ಕೊಟ್ಟು, ಸಾಲಾಗಿ ಹಿಮ ತುಳಿಯಬೇಕು. ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಕೊನೆಯ ಸಾಲು ಹಿಮ್ಮುಖವಾಗಿ ತುಳಿಯಬೇಕೆಂದು ಕೊಯ್ವುಲದ ರೂಢಿ. ಯಾಕೆ ಅಂದರೆ ಯಾರಿಗೂ ಗೊತ್ತಿರಲಿಲ್ಲ. ವಿಲ್ಯೊನ ಗೆಳೆಯ ಓಸ್ಮೊ ಮಾತ್ರ, "ಬಂದ ದಾರೀನ ಒಂದ್ಸಲ ನೋಡ್ಕೊಂಡು ಹೋಗ್ಲಿ ಅಂತ" ಅನ್ನುತ್ತಿದ್ದ. ಆಮೇಲೆ ಏಳು ದಿನ, ಎಂಟು ದಿನ ತೆಳ್ಳಗೆ ನೀರು. "ಹುಯ್ಯಬಾರ್ದು ಕಣ್ರೋ, ಕುಡಿಸ್ಬೇಕು" ಎಂದು ವಿಲ್ಯೊ ಎಲ್ಲರಿಗೂ ಹೇಳುತ್ತಿದ್ದ. ಒಂದೇ ಸಲ ದಪ್ಪಗೆ ಬಿಟ್ಟರೆ ಮೇಲೆ ಸಿಪ್ಪೆ ಕಟ್ಟಿ ಒಳಗೆ ಪೊಳ್ಳಾಗುತ್ತದೆ. ಕಾಲಿಟ್ಟರೆ ಮೊಟ್ಟೆಯ ಹಾಗೆ ಒಡೆಯುತ್ತದೆ.

ನೆಲದಡಿಯ ನೀರಿನ ಕೊಳಾಯಿ ತೆಗೆಯಲು ಒಂದು ಕೀಲಿ ಬೇಕಿತ್ತು. ಓಸ್ಮೊ ಎರಕದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಮೊಣಕಾಲೆತ್ತರದ ಕಬ್ಬಿಣದ ಕೀಲಿಯೊಂದನ್ನು ಬಡಿದು ತಂದುಕೊಟ್ಟ. ಅದು ವಿಲ್ಯೊನ ಮನೆಯ ಬಾಗಿಲ ಹಿಂದಿನ ಮೊಳೆಗೆ ಬಿತ್ತು. ಅವತ್ತಿನಿಂದ ಆ ಮೊಳೆ ಆ ಕೀಲಿಗೇ.

ಲೆಂಪಿ ಆ ಮೊದಲ ಚಳಿಗಾಲದಲ್ಲೇ ಯಾರದೋ ಸ್ಕೇಟು ಕಟ್ಟಿಕೊಂಡು ಗಡ್ಡೆಯ ಮೇಲೆ ಇಳಿದಳು. ಮೂರು ಹೆಜ್ಜೆ ಹೋದಳು, ಬಿದ್ದಳು, ಬಲಗೈ ಮಣಿಕಟ್ಟು ಮುರಿಯಿತು. ಎದ್ದು ಕೂತವಳೇ, "ಇವತ್ತಿಗೆ ಮುಗೀತು. ಸಾಯೋವರೆಗೆ ಈ ಗಡ್ಡೆ ಮೇಲೆ ಕಾಲಿಡಲ್ಲ" ಅಂದಳು. ಅಂದದ್ದನ್ನು ನಡೆಸಿದಳು. ಹಬ್ಬಕ್ಕೆ ಒಗೆಯುವ ಮನೆಯ ಹಂಡೆಯನ್ನು ತಿಕ್ಕಿ ತೊಳೆದು ಬಟಾಣಿ ಸಾರು ಕಾಯಿಸುತ್ತಿದ್ದಳು, ಬಿದ್ದ ಮಕ್ಕಳ ಮೂಗು ಒರೆಸುತ್ತಿದ್ದಳು, ಆದರೆ ಗಡ್ಡೆಯ ಅಂಚಿನ ಹಲಗೆ ದಾಟಿದವಳಲ್ಲ. ಯಾರಾದರೂ ಕರೆದರೆ, "ನಂಗೂ ಅದಕ್ಕೂ ಮಾತಿಲ್ಲ" ಅನ್ನುತ್ತಿದ್ದಳು. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಅಂಗಳದ ತುಂಬ ಇದ್ದವು.

ಐವತ್ತೆಂಟರಲ್ಲಿ ದೀಪದ ಕಂಬ ಬಂತು. ಅರವತ್ತೇಳರಲ್ಲಿ ಮರದ ವಠಾರಗಳನ್ನು ಕೆಡವಿ ಐದಂತಸ್ತಿನ ಕಲ್ಲಿನ ಮನೆಗಳನ್ನು ಕಟ್ಟಿದರು. ಅಳತೆಯವರು ಅಂಗಳದಲ್ಲಿ ಗೂಟ ಹೊಡೆದು, ಇಲ್ಲಿ ಕಾರು ನಿಲ್ಲುತ್ತವೆ ಅಂದರು. ಯಾರೂ ಜಗಳಕ್ಕೆ ಹೋಗಲಿಲ್ಲ. ಆ ಭಾನುವಾರ ಹಿಮ ಬಿತ್ತು. ವಠಾರದವರು ತೋಳಿಗೆ ತೋಳು ಕೊಟ್ಟು, ಗೂಟಗಳೂ ಸೇರಿದಂತೆ, ರೂಢಿಯ ಪ್ರಕಾರ ತುಳಿದರು. ವಿಲ್ಯೊ ನೀರು ಕುಡಿಸಿದ. ವಸಂತದಲ್ಲಿ ಗೂಟ ಹುಡುಕಲು ಬಂದವರಿಗೆ ಗೂಟ ಸಿಗಲಿಲ್ಲ. ಕಾರುಗಳು ಆಚೆ ಬೀದಿಗೆ ಹೋದವು. ಕೆಡವಿದ ಮನೆಗಳ ಹಲಗೆಗಳನ್ನೇ ಅಂಗಳದ ಸುತ್ತ ನಿಲ್ಲಿಸಿದರು. ಎಷ್ಟೋ ಜನ ತಮ್ಮ ಹಳೆಯ ಅಡಿಗೆಮನೆಯ ಬಣ್ಣವನ್ನು ಅಲ್ಲಿ ಗುರುತು ಹಿಡಿಯುತ್ತಿದ್ದರು.

ಆ ಗಡ್ಡೆಯ ಮೇಲೆ ಸ್ಕೇಟು ಕಲಿತವರಲ್ಲಿ ರೈಲಿ ಒಬ್ಬಳು. ಅಣ್ಣನ ದೊಡ್ಡ ಸ್ಕೇಟಿಗೆ ಕಾಗದ ತುರುಕಿಕೊಂಡು ಆಡುತ್ತಿದ್ದ ಹುಡುಗಿ ದೊಡ್ಡವಳಾಗಿ ಊರಿನ ಬಸ್ಸು ಓಡಿಸುವವಳಾದಳು, ಆಮೇಲೆ ವಠಾರದ ಸಂಘಕ್ಕೆ ಅಧ್ಯಕ್ಷೆಯಾದಳು. ಮಾತು ಬಸ್ಸಿನ ಬ್ರೇಕಿನ ಹಾಗೆ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತಿತ್ತು.

ವಿಲ್ಯೊ ಎಂಬತ್ತೈದನೆಯ ಇಸವಿಯಲ್ಲಿ ಕೆಲಸದಿಂದ ನಿವೃತ್ತನಾದ. ಆದರೆ ಕೀಲಿ ಮೊಳೆಯಲ್ಲೇ ಉಳಿಯಿತು, ಜಲ್ಲಿಯ ಬಕೀಟು ಬಾಗಿಲ ಬಳಿಯೇ ಉಳಿಯಿತು. ಸಂಬಳವಿಲ್ಲದೆಯೂ ಐದು ಗಂಟೆಗೆ ಏಳುತ್ತಿದ್ದ.

ತೊಂಬತ್ತರ ಶರತ್ಕಾಲದಲ್ಲಿ ಅವನ ಮರೆವು ಲೆಂಪಿಗೆ ಮೊದಲು ಗೊತ್ತಾಯಿತು. ವಿಲ್ಯೊ ಒಂದೇ ಪಾತ್ರೆಗೆ ಎರಡು ಸಲ ಕಾಫಿಪುಡಿ ಹಾಕಿದ. ಇಪ್ಪತ್ತಮೂರು ವರ್ಷದ ಹಿಂದೆ ಕೆಡವಿದ ಮನೆಯ ಸೌದೆ ಕೊಟ್ಟಿಗೆಯನ್ನು ಹುಡುಕಿಕೊಂಡು ಹೋದ. ಲೆಂಪಿ ಆ ಕಡುಕಾಫಿಯನ್ನು ಹಾಗೆಯೇ ಕುಡಿದಳು. ಆದರೆ ಜನವರಿಯಲ್ಲಿ ಕೊಳಾಯಿ ತಿರುಗಿಸಿ ಮುಚ್ಚುವುದನ್ನು ಮರೆತ. ನೀರು ರಸ್ತೆಗೆ ಹರಿದು ಗಡ್ಡೆಗಟ್ಟಿತು, ಪೋಸ್ಟಿನವನು ಸೈಕಲ್ಲಿನ ಸಮೇತ ಜಾರಿದ.

ಅವತ್ತು ಸಂಜೆ ರೈಲಿ ಮನೆಗೆ ಬಂದಳು. ವಿಲ್ಯೊ ಸೌನಾದಲ್ಲಿ, ವಠಾರದ ಹಬೆಸ್ನಾನದ ಕೋಣೆಯಲ್ಲಿ, ಇದ್ದ. ಅದನ್ನು ನೋಡಿಕೊಂಡೇ ಬಂದಿದ್ದಳು.

"ಅತ್ತೆ, ನಂಗೆ ಹೇಳಕ್ಕೆ ಬಾಯಿ ಬರ್ತಿಲ್ಲ," ಅಂದಳು. "ಆದ್ರೆ ಇನ್ನೊಂದ್ಸಲ ಹಿಂಗಾದ್ರೆ ಕೀಲಿ ಇಸ್ಕೊಳ್ಳೇ ಬೇಕಾಗತ್ತೆ. ಸಂಘದಲ್ಲಿ ಎಲ್ರೂ ಅದೇ ಹೇಳ್ತಿದಾರೆ."

"ಕೀಲಿ ಇಸ್ಕೊಂಡ್ರೆ ಅವನು ಬೆಳಿಗ್ಗೆ ಯಾತಕ್ಕೆ ಏಳ್ಬೇಕೇ?" ಅಂದಳು ಲೆಂಪಿ.

ರೈಲಿ ಎದ್ದಳು. ಬೂಟು ಹಾಕಿಕೊಂಡು ಹೋದಳು. ಆ ರಾತ್ರಿಯಿಂದ ಲೆಂಪಿಗೆ ನಿದ್ದೆ ಅರ್ಧವಾಯಿತು. ಬಾಗಿಲ ಹಿಂದಿನ ಮೊಳೆ ಖಾಲಿಯಾದ ದಿನ ವಿಲ್ಯೊ ಹಾಸಿಗೆಯಿಂದ ಕಾಲು ಕೆಳಗೆ ಇಳಿಸುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ದಿನಾ ಬೆಳಿಗ್ಗೆ ಅವನು ಕೆಳಗಿಳಿದ ಮೇಲೆ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಕಾಯುತ್ತಿದ್ದಳು. ಕೊಳಾಯಿ ಮುಚ್ಚಿದ ಶಬ್ದ ಕೇಳಿದ ಮೇಲೆಯೇ ಅವಳ ಒಲೆ ಹೊತ್ತುತ್ತಿತ್ತು.

ತೊಂಬತ್ತೊಂದರ ಫೆಬ್ರವರಿ ಎಂಟು, ಶುಕ್ರವಾರ. ಭಾನುವಾರ ಲಸ್ಕಿಯಾಯ್ನೆನ್, ಉಪವಾಸದ ದಿನಗಳಿಗೆ ಮೊದಲು ತಿಂದುಂಡು ಜಾರಾಡುವ ಹಬ್ಬ. ಬಟಾಣಿ ಸಾರು, ಕೆನೆ ತುಂಬಿದ ಬನ್ನು, ಮತ್ತು ಪಕ್ಕದ ಬಡಾವಣೆ ಹಾಪಲದ ಮಕ್ಕಳ ಎದುರು ಗಡ್ಡೆಯ ಮೇಲೆ ಹಾಕಿ ಆಟದ ಪಂದ್ಯ. ಹಾಗಾಗಿ ವಿಲ್ಯೊ ಐದು ಗಂಟೆಗೆ ಗಡ್ಡೆಗೆ ಕೊನೆಯ ನೀರು ಕುಡಿಸಿದ. ಲೆಂಪಿ ಕಿಟಕಿಯಲ್ಲಿ ನಿಂತಿದ್ದಳು. ಕೊಳಾಯಿ ಕಿರುಗುಟ್ಟಿ ಮುಚ್ಚಿತು. ಸದ್ಯ, ಅಂದುಕೊಂಡು ಅವಳು ಬಟಾಣಿ ನೆನೆಹಾಕಲು ಒಳಗೆ ಹೋದಳು. ಅಷ್ಟೇ ಅವಳು ಮಾಡಿದ ತಪ್ಪು.

ಏಳು ಗಂಟೆಗೆ ಮತ್ತೆ ಕಿಟಕಿಗೆ ಬಂದಾಗ ದೀಪದ ಕೆಳಗೆ ಗಡ್ಡೆ ಹೊಳೆಯುತ್ತಿರಲಿಲ್ಲ. ಹೊಸ ನೀರು ಕುಡಿದ ಗಡ್ಡೆ ಕನ್ನಡಿಯ ಹಾಗಿರಬೇಕು. ಇದು ಎಳ್ಳು ಉದುರಿಸಿದ ರೊಟ್ಟಿಯ ಹಾಗಿತ್ತು. ಲೆಂಪಿ ಕೋಟನ್ನು ರಾತ್ರಿ ಅಂಗಿಯ ಮೇಲೆಯೇ ಎಳೆದುಕೊಂಡು ಕೆಳಗಿಳಿದಳು.

ವಿಲ್ಯೊ ಅಂಚಿನ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ಖಾಲಿ ಬಕೀಟು.

"ಎಲ್ಲಾ ಆಯ್ತು ಕಣೇ," ಅಂದ. "ಇವತ್ತು ಒಬ್ರೂ ಜಾರಲ್ಲ."

ಅವಳು ಅವನ ಪಕ್ಕ ಕೂತಳು. ಬಾಗಿಲುಗಳ ಮುಂದೆ, ಮೆಟ್ಟಿಲ ಬಳಿ, ದಾರಿಯಲ್ಲಿ ಜಲ್ಲಿ ಅಚ್ಚುಕಟ್ಟಾಗಿ ಬಿದ್ದಿತ್ತು. ದಾರಿ ಮುಗಿದಲ್ಲಿ ಕಾಲು ನಿಲ್ಲಲಿಲ್ಲ, ಅಷ್ಟೆ. ಮೂವತ್ತೆಂಟು ವರ್ಷ ಗಡ್ಡೆ ಕಂಡ ಕಡೆ ಜಲ್ಲಿ ಎರಚಿದ ಕೈ, ಗಡ್ಡೆ ಕಂಡಿತು, ಎರಚಿತು. ಆ ಹೊತ್ತಿಗೆ ನೀರು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಕಲ್ಲುಗಳು ಒಳಗೆ ಕೂತು ಕಚ್ಚಿಕೊಂಡಿದ್ದವು.

"ವಿಲ್ಯೊ," ಅಂದಳು ಮೆಲ್ಲಗೆ, "ಅದು ನಮ್ಮ ಅಂಗಳ."

ಅವನು ನೋಡಿದ. ತುಂಬ ಹೊತ್ತು ನೋಡಿದ. ಕೈಗವಸು ತೆಗೆದು ತನ್ನ ಎಡಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ, ಅದು ಬೇರೆಯವರದೇನೋ ಎಂಬಂತೆ. ಅವನು ಎಡಚ.

"ಯಾರೇ ಇದು ಮಾಡಿದ್ದು?" ಅಂದ. ಕೇಳುವಾಗಲೇ ಅವನಿಗೆ ಗೊತ್ತಿತ್ತು. ಲೆಂಪಿಗೆ ಅದೇ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಹಿಮದ ಮೇಲೆ ಬೂಟಿನ ಸದ್ದು. ಓಸ್ಮೊ ಗೋಲಿನ ಬಲೆ ಹೊತ್ತು ಬರುತ್ತಿದ್ದ, ಹಿಂದೆ ರೈಲಿ, ಬಸ್ಸಿನ ಸಮವಸ್ತ್ರದಲ್ಲಿ. ಓಸ್ಮೊ ಗಡ್ಡೆ ನೋಡಿ ಬಲೆ ಕೆಳಗಿಟ್ಟ. ರೈಲಿ ಬಗ್ಗಿ ಒಂದು ಕಲ್ಲನ್ನು ಉಗುರಲ್ಲಿ ಕೀಳಲು ನೋಡಿದಳು. ಬರಲಿಲ್ಲ. ಅವಳ ಕಣ್ಣು ಬೆಂಚಿನತ್ತ, ಖಾಲಿ ಬಕೀಟಿನತ್ತ ಹೋಯಿತು.

"ವಿಲ್ಯೊ ಮಾಮ..." ಎಂದು ಶುರುಮಾಡಿದಳು.

"ನಾನು," ಅಂದಳು ಲೆಂಪಿ. ಎದ್ದು ನಿಂತಳು. "ನಾನೇ ಎರಚಿದ್ದು. ಇವನಿಗೆ ಸೊಂಟ ನೋವು, ದಾರಿಗೆ ನಾನೇ ಹಾಕ್ತೀನಿ ಅಂತ ಬಕೀಟು ತಗೊಂಡೆ. ಕತ್ಲು. ಕನ್ನಡಕ ಹಾಕಿರ್ಲಿಲ್ಲ. ಎಲ್ಲಿ ದಾರಿ ಮುಗೀತು, ಎಲ್ಲಿ ಅಂಗಳ ಶುರುವಾಯ್ತು, ಗೊತ್ತಾಗ್ಲಿಲ್ಲ."

ಕೊಯ್ವುಲದಲ್ಲಿ ಹುಟ್ಟಿದ ಮಗುವಿಗೂ ಗೊತ್ತಿತ್ತು, ಲೆಂಪಿ ಗಡ್ಡೆಯ ಮೇಲೆ ಕಾಲಿಡುವವಳಲ್ಲ ಅಂತ. ಕಲ್ಲುಗಳು ಗಡ್ಡೆಯ ನಟ್ಟನಡುವೆ ಬಿದ್ದಿದ್ದವು. ಅದೂ ಬೀಸಣಿಗೆಯ ಹಾಗೆ, ಎಡದಿಂದ ಬಲಕ್ಕೆ, ಎಡಗೈಯಿಂದ ಮಾತ್ರ ಹಾಗೆ ಬೀಳುತ್ತದೆ. ಓಸ್ಮೊ ಆ ಬೀಸಣಿಗೆಗಳನ್ನು ನೋಡಿದ, ಲೆಂಪಿಯ ಬಲಗೈ ನೋಡಿದ, ಬಾಯಿ ತೆರೆದ. ಬಾಯಿ ತೆರೆದರೆ ಗೇಲಿ ಮಾಡದೆ ಮುಚ್ಚಿದವನಲ್ಲ.

"ಅಲ್ಲಾ ಲೆಂಪಿ," ಅಂದ, "ನಿನ್ನ ಸಾರಿಗೆ ಇಷ್ಟು ಧಾರಾಳವಾಗಿ ಮೆಣಸು ಹಾಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಮಾರಾಯ್ತಿ!" ಅಂದವನೇ ಪೊರಕೆ ತೆಗೆದುಕೊಂಡು ಹೋಗಿ ಹತ್ತಿರದ ಬೀಸಣಿಗೆಯ ಮೇಲೆ ಅಡ್ಡಡ್ಡ ಎಳೆದ. ಕಚ್ಚಿಕೊಳ್ಳದೆ ಮೇಲೆ ಬಿಡಿಬಿಡಿಯಾಗಿದ್ದ ಕಲ್ಲುಗಳೆಲ್ಲ ಕಲಸಿಹೋದವು. ಅಚ್ಚು ಅಳಿಸಿತು.

ರೈಲಿ ಮಾತ್ರ ಲೆಂಪಿಯ ಮುಖವನ್ನೇ ನೋಡುತ್ತಿದ್ದಳು.

"ಅತ್ತೆ, ನೀವಾ? ಗಡ್ಡೆ ಮೇಲೆ ನಡ್ಕೊಂಡು ಹೋಗಿ?"

"ಹೂಂ, ನಾನೇ."

"ಮೂವತ್ತೆಂಟು ವರ್ಷ ಆದ್ಮೇಲೆ?"

"ಆಗಿದ್ರೆ ಆಗಿರ್ಲಿ. ನಾನು ಲೆಕ್ಕ ಇಟ್ಟಿಲ್ಲ."

"ಹಂಗಾದ್ರೆ," ಅಂದಳು ರೈಲಿ, "ಹಾಕಿದೋರೇ ತೆಗೀಬೇಕು. ಬನ್ನಿ." ಬೇಲಿಗೆ ಒರಗಿಸಿದ್ದ ಕಬ್ಬಿಣದ ಉಳಿಯೊಂದನ್ನು ತೆಗೆದು ಅವಳತ್ತ ಚಾಚಿದಳು.

ಹಲಗೆಯ ಬೇಲಿಯ ನಡುವೆ ಒಂದು ಕಿಂಡಿಬಾಗಿಲು ಇತ್ತು. ಲೆಂಪಿ ಅದರ ಬಳಿ ಹೋಗಿ ನಿಂತಳು. ಅವಳ ಮಣಿಕಟ್ಟಿನಲ್ಲಿ ಹಳೆಯ ನೋವು ಎದ್ದು ಕೂತಿತು. ಹಿಂದೆ ವಿಲ್ಯೊ ಬೆಂಚಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾನೆಂದು ತಿರುಗಿ ನೋಡದೆಯೂ ಗೊತ್ತಿತ್ತು. ಅವಳು ಕಾಲಿಟ್ಟಳು. ಜಾರಲಿಲ್ಲ. ಜಾರುವುದಾದರೂ ಹೇಗೆ, ಅಷ್ಟೊಂದು ಜಲ್ಲಿ!

"ನೋಡಿದ್ರಾ," ಅಂದಳು, "ಗಡ್ಡೆ ಇರ್ಬೇಕಾದ್ದೇ ಹಿಂಗೆ."

ಓಸ್ಮೊ ಮೊದಲು ನಕ್ಕ. ಆಮೇಲೆ ರೈಲಿಗೂ ತಡೆಯಲಾಗಲಿಲ್ಲ. ಅವಳು ಆ ಬೆಳಗಿನ ತನ್ನ ಬಸ್ಸಿಗೆ ಬೇರೆಯವರನ್ನು ಹುಡುಕಲು ಫೋನು ಮಾಡಿ ಬಂದಳು. ಎಂಟು ಗಂಟೆಗೆ ಒಂದೊಂದೇ ಬಾಗಿಲು ತೆರೆಯಿತು. ಯಾರೂ ಕರೆಯಲಿಲ್ಲ, ಯಾರೂ ಕೇಳಲಿಲ್ಲ. ಉಳಿ, ಅಡಿಗೆಮನೆಯ ಹಳೆಯ ಚಾಕು, ಕಾರಿನ ಗಾಜು ಕೆರೆಯುವ ಪಟ್ಟಿ, ಕೈಗೆ ಸಿಕ್ಕಿದ್ದು ಹಿಡಿದು ಬಂದರು. ಮಂಡಿಯ ಕೆಳಗೆ ಮಡಿಸಿದ ದಿನಪತ್ರಿಕೆ ಹಾಕಿಕೊಂಡು ಸಾಲಾಗಿ ಕೂತರು. "ಲೆಂಪಿ ಕೈಚಳಕ ಅಂತೆ" ಎಂಬ ಮಾತು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ಆ ತುದಿಯಲ್ಲಿ ಯಾರೋ "ಹಾಗೇ ಇರ್ಲಿ" ಅಂದರು. ಅದೂ ವಾಪಸು ಬಂತು.

ಮಧ್ಯಾಹ್ನದ ಹೊತ್ತಿಗೆ ಕಲ್ಲು ಕಿತ್ತ ಜಾಗವೆಲ್ಲ ಸಿಡುಬಿನ ಮುಖದ ಹಾಗಿತ್ತು. ಈಗೇನು ಮಾಡುವುದೆಂದು ಯಾರಿಗೂ ತಿಳಿಯದು. ಕೆಲವರು ಮೇಲೆ ದಪ್ಪಗೆ ನೀರು ಬಿಟ್ಟುಬಿಡೋಣ ಅಂದರು.

ಆಗ ವಿಲ್ಯೊ ಬೆಂಚಿನಿಂದ ಎದ್ದ. "ದಪ್ಪಗೆ ಬಿಟ್ರೆ ಪೊಳ್ಳಾಗತ್ತೆ" ಅಂದ. ಗಡ್ಡೆಯ ಮೇಲೆ ಮಂಡಿಯೂರಿ ಕೂತ. ಹಿಮವನ್ನು ಬಿಸಿನೀರಲ್ಲಿ ಕಲಸಿ, ಗೋಡೆಯ ಬಿರುಕಿಗೆ ಗಾರೆ ಮೆತ್ತುವ ಹಾಗೆ ಒಂದೊಂದೇ ಗುಳಿಗೆ ಹೆಬ್ಬೆರಳಿನಿಂದ ತುಂಬಿ ಒತ್ತಿ ತೋರಿಸಿದ. ಕೈ ಒಂದು ಸಲವೂ ತಡವರಿಸಲಿಲ್ಲ. ಎಲ್ಲರೂ ಹಾಗೆಯೇ ಮಾಡಿದರು. ಲೆಂಪಿ ಒಗೆಯುವ ಮನೆಯ ಹಂಡೆಯಿಂದ ಬಿಸಿನೀರು ತಂದು ತಂದು ಕೊಟ್ಟಳು. ಗಡ್ಡೆಯ ಮೇಲೆ ಎಷ್ಟು ಸಲ ಓಡಾಡಿದಳೋ, ಅವಳಿಗೇ ಮರೆತುಹೋಗಿತ್ತು.

ಸಂಜೆ ರೈಲಿ ಅವರ ಮನೆಯ ಬಾಗಿಲಿಗೆ ಬಂದಳು. ಈ ಸಲ ವಿಲ್ಯೊ ಒಳಗೇ ಇದ್ದ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಲೆಂಪಿ ಬಾಗಿಲ ಹಿಂದಿನ ಮೊಳೆಗೆ ಅಡ್ಡ ನಿಂತಳು. ಎಪ್ಪತ್ತು ವರ್ಷದ ಮುದುಕಿ ಏನು ತಡೆದಾಳು? ಆದರೂ ನಿಂತಳು.

"ಅತ್ತೆ, ಸಂಘದಲ್ಲಿ ಮಾತಾಡಿದ್ವಿ," ಅಂದಳು ರೈಲಿ. ವಿಲ್ಯೊನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಅಂದಳು. "ನೀವು ಮಾಡಿದ್ದು ಸಣ್ಣ ತಪ್ಪಲ್ಲ. ಇನ್ಮೇಲೆ ನಿಮ್ಮ ಕೈಗೆ ಜಲ್ಲಿ ಬಕೀಟು ಸಿಗಬಾರ್ದು. ಅದನ್ನ ಇಲ್ಲಿ ಕೊಡಿ."

"ಬಕೀಟಾ?" ಅಂದಳು ಲೆಂಪಿ.

"ಬಕೀಟು. ದಾರಿಗೆ ಇನ್ಮೇಲೆ ನಾನೇ ಹಾಕ್ತೀನಿ. ನನ್ನ ಬಸ್ಸು ಹೊರಡೋದು ಆರೂವರೆಗೆ. ಐದಕ್ಕೆ ಕೆಳಗಿರ್ತೀನಿ." ಆಮೇಲೆ ವಿಲ್ಯೊನ ಬೆನ್ನಿಗೆ ಹೇಳಿದಳು: "ಮಾಮ, ನಾಳೆ ಐದಕ್ಕೆ ಕೀಲಿ ಮರೀದೆ ತನ್ನಿ. ಪೈಪು ಹಿಡ್ಕೊಂಡು ನಿಮ್ಮ ಜತೆ ನಡೀತೀನಿ. ಕುಡಿಸೋದು ಹೆಂಗೆ ಅಂತ ನಂಗೂ ಕಲಿಸಿ."

ವಿಲ್ಯೊ ತಿರುಗಲಿಲ್ಲ. "ತಡ ಮಾಡಿದ್ರೆ ಕಾಯಲ್ಲ" ಅಂದ.

ಲೆಂಪಿ ಬಕೀಟು ತಂದು ಕೊಟ್ಟಳು. ಕೊಡುವಾಗ ಎರಡೂ ಕೈಯಲ್ಲಿ ಕೊಟ್ಟಳು.

ಭಾನುವಾರ ಪಂದ್ಯ ನಡೆಯಿತು. ಗಡ್ಡೆ ಚೆನ್ನಾಗಿತ್ತು, ಆದರೆ ಗೋಲಿನ ಮುಂದೆ ಒಂದು ಕಲ್ಲು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಮೂರಕ್ಕೆ ಮೂರಾಗಿ ಇನ್ನೇನು ಆಟ ಮುಗಿಯಬೇಕು, ಹಾಪಲದವರು ಕೋಲಿನಿಂದ ಹೊಡೆದ ಆಟದ ರಬ್ಬರು ಬಿಲ್ಲೆ ಆ ಕಲ್ಲಿಗೆ ತಾಗಿ, ಕಪ್ಪೆಯ ಹಾಗೆ ಹಾರಿ, ಕೊಯ್ವುಲದವರ ಗೋಲಿನೊಳಗೆ ಬಿತ್ತು. ಕೊಯ್ವುಲ ಸೋತಿತು. ಅದಕ್ಕೆ "ಲೆಂಪಿಯ ಗೋಲು" ಎಂದು ಹೆಸರಿಟ್ಟವನು ಓಸ್ಮೊ. ವರ್ಷಗಟ್ಟಲೆ ಅಂಗಡಿಯಲ್ಲಿ, ಸೌನಾದಲ್ಲಿ, ಮೆಟ್ಟಿಲಲ್ಲಿ ಜನ ಅವಳನ್ನು ಅದೇ ಹೇಳಿ ಕಾಡಿದರು. "ಹೊಡ್ದೆ ತಾನೆ ಒಂದು ಗೋಲು? ನೀನು ಎಷ್ಟು ಹೊಡ್ದಿದ್ದೀಯಪ್ಪಾ?" ಎಂದು ಅವಳು ಸಾರಿನ ಸೌಟು ತೋರಿಸುತ್ತಿದ್ದಳು. ಅವಳಿಗೆ ನಿಜವಾಗಿಯೂ ಬೇಸರವಿರಲಿಲ್ಲ.

ಹಾಗೆ ಮೂರು ಚಳಿಗಾಲ ನಡೆಯಿತು. ಮೊದಲನೆಯದರಲ್ಲಿ ವಿಲ್ಯೊ ಪೈಪು ಹಿಡಿದ, ರೈಲಿ ಜತೆಗೆ ನಡೆದಳು. ಎರಡನೆಯದರಲ್ಲಿ ರೈಲಿ ಹಿಡಿದಳು, ವಿಲ್ಯೊ ಜತೆಗೆ ನಡೆದ. ಮೂರನೆಯದರಲ್ಲಿ ಅವನು ಬೆಂಚಿನಲ್ಲಿ ಕಂಬಳಿ ಹೊದ್ದು ಕೂತು, "ನಿಲ್ಬೇಡ, ನಿಲ್ಬೇಡ" ಎಂದು ಹೇಳುತ್ತಿದ್ದ. ಕೀಲಿ ಮಾತ್ರ ದಿನಾ ಅವನೇ ತಂದು, ಅವನೇ ಒಯ್ದು ಮೊಳೆಗೆ ಹಾಕುತ್ತಿದ್ದ.

ಕೊನೆಗೆ ಅವನಿಗೆ ರೈಲಿಯ ಹೆಸರೂ ತಪ್ಪಿತು. ಇನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗದೆಂದು ವೈದ್ಯರು ಬರೆದುಕೊಟ್ಟರು. ಆರೈಕೆ ಮನೆಯ ಗಾಡಿ ಬಂದ ಬೆಳಿಗ್ಗೆ ಲೆಂಪಿ ಅವನಿಗೆ ಕೋಟಿನ ಗುಂಡಿ ಹಾಕುತ್ತಿದ್ದಳು. ಕಿಟಕಿಯಾಚೆ ಗಡ್ಡೆ ಅಂಚಿನಲ್ಲಿ ಮೆತ್ತಗಾಗಿ ನೀರೊಸರುತ್ತಿತ್ತು. ವಿಲ್ಯೊ ಅದನ್ನು ನೋಡಿದ, ಅವಳನ್ನು ನೋಡಿದ.

"ಲೆಂಪಿ," ಅಂದ, "ಆ ವರ್ಷ ನೀನು ಗಡ್ಡೆ ಮೇಲೆ ಜಲ್ಲಿ ಎರಚಿದ್ಯಲ್ಲ."

ಅವಳ ಕೈ ಗುಂಡಿಯ ಮೇಲೆ ನಿಂತಿತು.

"ನಾನು ನಿಂಗೆ ಒಂದು ಮಾತೂ ಬೈಲಿಲ್ಲ, ನೋಡು."

"ಇಲ್ಲಪ್ಪ," ಅಂದಳು ಲೆಂಪಿ. "ನೀನು ಬೈಲೇ ಇಲ್ಲ."

ಅವನು ಸಮಾಧಾನದಿಂದ ತಲೆಯಾಡಿಸಿದ. ಬಾಗಿಲ ಹಿಂದೆ ಕೈ ಹಾಕಿ ಕೀಲಿ ತೆಗೆದ. ಕೆಳಗೆ ಗಾಡಿಯ ಬಳಿ ಸಮವಸ್ತ್ರದಲ್ಲಿ ನಿಂತಿದ್ದ ರೈಲಿಯ ಕೈಗೆ, ಅವಳು ಯಾರೆಂದು ಕೇಳದೆ, ಅದನ್ನು ಕೊಟ್ಟ. ಓಸ್ಮೊ ಗಾಡಿಯ ಬಾಗಿಲು ಹಿಡಿದಿದ್ದ. ಲೆಂಪಿ ಪಕ್ಕದಲ್ಲಿ ಹತ್ತಿ ಕೂತಳು. ಮೆಟ್ಟಿಲಿನಿಂದ ಗಾಡಿಯವರೆಗೆ ದಾರಿಗೆಲ್ಲ ಜಲ್ಲಿ ಒತ್ತಾಗಿ, ಸಮನಾಗಿ ಬಿದ್ದಿತ್ತು.

ವಿಲ್ಯೊ ಕೊಯ್ವುಲ ಬಿಟ್ಟು ಹೋದದ್ದು ತೊಂಬತ್ತನಾಲ್ಕರ ಮಾರ್ಚ್ ಮೂರನೆಯ ತಾರೀಖು, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.